ಕೆಸರಿನ ಗಾಳಿ

5 ಆಗಸ್ಟ್ 2024, ಸೋಮವಾರ

ಇವತ್ತೂ ತೆರಕಣಾಂಬಿವರೆಗೆ ನಿಂತೇ ಪ್ರಯಾಣ. ಆಮೇಲೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ನಿದ್ದೆ ಹೋದೆ. ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ಕಂಡಕ್ಟರೇ ಎಬ್ಬಿಸಿದ — "ಟೀಚರ್, ಸ್ಕೂಲ್ ಬ್ಯಾಡ್ವಾ ಇವತ್ತು?"

ಹತ್ತನೇ ತರಗತಿಗೆ ಇಂಗಾಲದ ಪಾಠ ಶುರು. ಬೋರ್ಡಿನ ಮೇಲೆ ಮೀಥೇನ್ ಬರೆದೆ. ನಡುವೆ ಒಂದು C, ಸುತ್ತ ನಾಲ್ಕು H. ಮಕ್ಕಳು ಜೇಡರ ಹುಳು ಬಿಡಿಸಿದ ಹಾಗೆ ಬಿಡಿಸಿಕೊಂಡರು. ಇಂಗಾಲ ಮತ್ತು ಜಲಜನಕ ಸೇರಿದರೆ ಆಗುವ ಅತಿ ಸರಳ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯುತ್ತದೆ — ಅಂತ ಹೇಳಿ ಮುಗಿಸಬೇಕು ಅನ್ನುವಾಗ ಅನು ಎದ್ದು ನಿಂತಳು. "ಮಿಸ್, ಬಣ್ಣ ಇಲ್ಲ, ವಾಸ್ನೆ ಇಲ್ಲ ಅಂದ್ರೆ, ಅಂಥದ್ದೊಂದು ಅದೆ ಅಂತ ಮೊದ್ಲು ಯಾರ್ಗೆ ಗೊತ್ತಾಯ್ತು?"

ಒಳ್ಳೆಯ ಪ್ರಶ್ನೆ. ನಾಡಿದ್ದು ಹೇಳ್ತೀನಿ ಅಂದೆ. ನನಗೂ ಪೂರ್ತಿ ಗೊತ್ತಿರಲಿಲ್ಲ.

6 ಆಗಸ್ಟ್, ಸಂಜೆ

ಓದಿದೆ. ಖುಷಿಯಾಯಿತು.

ಪಾಠವನ್ನು ಅಡುಗೆಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿಕೊಳ್ಳುವುದು ನನ್ನ ಹಳೇ ಅಭ್ಯಾಸ. ಕೇಳುವವರು ಅತ್ತೆ ಒಬ್ಬರೇ. ಮದುವೆಯಾಗಿ ಈ ಹರದನಹಳ್ಳಿ ಮನೆಗೆ ಬಂದಾಗಿನಿಂದ ನಾನೂ ಅವರೂ ಜಗಳವಾಡಿದ್ದಿಲ್ಲ, ಮನಸ್ಸು ಬಿಚ್ಚಿ ಮಾತಾಡಿದ್ದೂ ಇಲ್ಲ. ಪಾಠ ಒಪ್ಪಿಸುವಾಗ ಮಾತ್ರ ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಾರೆ.

ಇವತ್ತು ವೋಲ್ಟಾನ ಕಥೆ. ಕರೆಂಟಿನ ವೋಲ್ಟ್ ಅನ್ನೋದು ಅವನ ಹೆಸರೇ. 1776ರಲ್ಲಿ ಇಟಲಿಯ ದೊಡ್ಡ ಸರೋವರವೊಂದರ ಅಂಚಿನಲ್ಲಿ, ಜೊಂಡು ಬೆಳೆದ ಕಡೆ, ಕೋಲಿನಿಂದ ಕೆಸರು ಕಲಕಿದ. ಗುಳ್ಳೆ ಎದ್ದವು. ನೀರು ತುಂಬಿದ ಬಾಟಲಿಯನ್ನು ಬೋರಲು ಹಿಡಿದು ಗುಳ್ಳೆಗಳನ್ನು ಅದರೊಳಗೆ ಹಿಡಿದ. ಬೆಂಕಿ ತೋರಿಸಿದ, ನೀಲಿಯಾಗಿ ಉರಿಯಿತು. ಕೊಳೆತ ಎಲೆ, ಕಡ್ಡಿ, ಕೆಸರು — ಅದರಿಂದ ಹುಟ್ಟಿದ ಗಾಳಿ. ಮೀಥೇನ್ ಅನ್ನುವ ಹೆಸರು ಬಂದದ್ದು ಎಷ್ಟೋ ಕಾಲದ ಮೇಲೆ.

ಅತ್ತೆ ಅಂದರು: "ನಮ್ಮೂರ್ ಕೆರೆ ಏರಿ ತಾವ ಕೊಳ್ಳಿದೆವ್ವ ಕಾಣ್ಸ್ಕತಿತ್ತು. ನೀಲಿ ಬೆಂಕಿ. ನಮ್ಮವ್ವ ಅತ್ಲಾಗಿ ಬುಡ್ತಿರ್ನಿಲ್ಲ."

ಅದೂ ಇದೇ ಗಾಳಿ ಇರಬಹುದು ಅಂತಾರೆ, ಯಾರೂ ಖಂಡಿತ ಹೇಳಿಲ್ಲ ಅಂದೆ.

"ಅಂಗಾರೆ ನಮ್ ಗೋಬರ್ ಗ್ಯಾಸು?"

ಅದೂ ಇದೇ, ಅತ್ತೆ. ಸಗಣಿ ಗಾಳಿಯಿಲ್ಲದ ಕಡೆ ಕೊಳೆತಾಗ ಬರುವುದು ಇದೇ ಮೀಥೇನ್.

"ಆ ಗಾಳಿ ಕುಡುದ್ರೆ ಏನಾದದು?"

ಮೀಥೇನ್ ವಿಷವಲ್ಲ, ಆದರೆ ಉಸಿರಿನ ಗಾಳಿಯ ಜಾಗ ತಾನು ತಗೊಳ್ಳುತ್ತದೆ. ಅದು ಹಗುರ, ಮೇಲಕ್ಕೆ ಹೋಗುತ್ತೆ. ಜೊತೆಗೆ ಬರುವ ಭಾರದ ಗಾಳಿ ಗುಂಡಿಯ ತಳದಲ್ಲಿ ಕೂರುತ್ತೆ. ಇನ್ನೊಂದಿದೆ, ಕೊಳೆತ ಮೊಟ್ಟೆ ವಾಸನೆಯದು, ಅದು ವಿಷವೇ. ಜಾಸ್ತಿ ಇದ್ದರೆ ಮೂಗೇ ಸತ್ತು ಹೋಗುತ್ತೆ, ವಾಸನೆ ನಿಂತಿತು ಅಂತ ಅಂದುಕೊಳ್ಳುವಷ್ಟರಲ್ಲಿ ಆಳು ಬಿದ್ದಿರುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಪೇಪರಿನಲ್ಲಿ ಬರುತ್ತಲ್ಲ, ಒಂದೇ ಗುಂಡಿಯಲ್ಲಿ ಅಪ್ಪ, ಮಗ, ಪಕ್ಕದ ಮನೆಯವನು...

ಅತ್ತೆ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಮುದ್ದೆ ತಳ ಇಡೀತಾ ಅದೆ ನೋಡು" ಅಂದರು.

8 ಆಗಸ್ಟ್

ಮಕ್ಕಳನ್ನು ಕೆರೆಗೆ ಕರೆದೊಯ್ದೆ. ಹೆಡ್‌ಮಾಸ್ಟರ್ ಮೊದಲು ಬೇಡ ಅಂದರು, ಕೊನೆಗೆ ತಾವೂ ಬಂದರು. ಬಾಟಲಿ, ಆಲಿಕೆ, ಗಾಜಿನ ಪ್ರಣಾಳ, ಉದ್ದ ಬಿದಿರು. ಕೆಸರಿಗೆ ಚುಚ್ಚಿದರೆ ಗುಳುಗುಳು ಅಂತ ಗುಳ್ಳೆ. ಹುಡುಗರ ಕಿರುಚಾಟ. ಪ್ರಣಾಳದಲ್ಲಿ ಸ್ವಲ್ಪವೇ ಹಿಡಿದು, ಎಲ್ಲರನ್ನೂ ದೂರ ನಿಲ್ಲಿಸಿ ಕಡ್ಡಿ ಗೀರಿದೆ.

ಏನೂ ಕಾಣಲಿಲ್ಲ! ಬಿಸಿಲು ಅಷ್ಟಿತ್ತು. ಎಲ್ಲರ ಮುಖ ಪೆಚ್ಚಾಯಿತು. ಮತ್ತೆ ಹಿಡಿದೆವು. ಹೆಡ್‌ಮಾಸ್ಟರ್ ತಮ್ಮ ಕಪ್ಪು ಕೊಡೆ ಬಿಚ್ಚಿ ನೆರಳು ಮಾಡಿದರು. ಆಗ ಕಂಡಿತು — ಪ್ರಣಾಳದ ಬಾಯಲ್ಲಿ ತೆಳು ನೀಲಿ ಎಸಳು. ಒಂದು ಉಸಿರಿನಷ್ಟು ಹೊತ್ತು. ಗಾಜಿನ ಒಳಗೆ ಮಂಜು ಕಟ್ಟಿತು. ಉರಿದು ಹುಟ್ಟಿದ ನೀರು. ಒಂದು ಮೀಥೇನ್, ಎರಡು ಆಕ್ಸಿಜನ್. ಒಂದು ಕಾರ್ಬನ್ ಡೈಆಕ್ಸೈಡ್, ಎರಡು ನೀರು. ಸಮೀಕರಣವನ್ನು ಯಾರಿಗೂ ಉರು ಹೊಡೆಸಬೇಕಾಗಲಿಲ್ಲ.

ಇಂಥ ದಿನಕ್ಕಾಗಿಯೇ ಈ ಬಸ್ಸು, ಈ ನಿಲ್ಲುವುದು, ಎಲ್ಲ.

11 ಆಗಸ್ಟ್, ಭಾನುವಾರ

ಇವರಿಗೆ ಕೆರೆಯ ವಿಷಯ ಹೇಳಿದ್ದೇ ತಪ್ಪಾಯಿತೇನೋ — ಈಗ ಹಿತ್ತಲಿನ ಹಳೇ ಗೋಬರ್ ಗ್ಯಾಸ್ ಮತ್ತೆ ಶುರು ಮಾಡುವ ಹುಚ್ಚು ಹಿಡಿದಿದೆ. ಮಾವ ಇದ್ದಾಗ ಕಟ್ಟಿಸಿದ್ದು. ಗ್ಯಾಸು ಹಿಡಿಯಲು ಗುಂಡಿಯ ಮೇಲೆ ಬೋರಲು ಹಾಕುವ ಡ್ರಮ್ಮು ತುಕ್ಕು ಹಿಡಿದ ಮೇಲೆ ಹಾಗೇ ಬಿಟ್ಟಿದ್ದರು. ಮೈದುನ ಕನಕರಾಜು ತನ್ನ ಟೆಂಪೋದಲ್ಲಿ ಚಾಮರಾಜನಗರದಿಂದ ಹೊಸ ಡ್ರಮ್ಮೇ ತಂದು ಇಳಿಸಿಬಿಟ್ಟ.

"ಅತ್ಗೆ, ನಿಮ್ ಸ್ಕೂಲ್ ಮಕ್ಳುನ್ನ ಇಲ್ಲಿಗೇ ಕರ್ಕಬನ್ನಿ. ನಮ್ಮಣ್ಣ ಪಾಠ ಮಾಡ್ತನ."

ಇವರು ನಕ್ಕರು. ಅರಿಶಿನದ ಹೊಲದ ಮಣ್ಣು ಮೈಮೇಲೆ ಹಾಗೇ ಇತ್ತು. ಒಳ್ಳೇ ಮನುಷ್ಯ ನನ್ನ ಗಂಡ. ಬರೆದು ಇಡಬೇಕು ಅನ್ನಿಸಿತು, ಬರೆದೆ.

16 ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಕಳಶ ಇಟ್ಟು, ಅರಿಶಿನ ಕುಂಕುಮ ಕೊಟ್ಟು ಕಾಲು ಸೋತಿದೆ.

ಇವರು ಹಳೇ ಡ್ರಮ್ಮು ತೆಗೆಸಿದ್ದಾರೆ. ಗುಂಡಿಯಲ್ಲಿ ಹಳೇ ಬಗ್ಗಡ ಇನ್ನೂ ಇದೆ, ಮೇಲೆ ಕೆನೆಗಟ್ಟಿದೆ. ನಾನಿಲ್ಲದಾಗ ಇಳಿಯಬೇಡಿ ಅಂದೆ. "ಯಾರ್ ಇಳೀತರೆ? ಮೇಲಿಂದ್ಲೇ ಗಳ ಆಡ್ಸಿ, ಬಕೆಟ್ಟಲ್ಲಿ ಎತ್ತಾಕ್ತೀನಿ" ಅಂದರು. ನಾಳೆ ಶನಿವಾರ, ಬೆಳಗಿನ ಕ್ಲಾಸು. ಮಧ್ಯಾಹ್ನಕ್ಕೆ ಬಂದುಬಿಡುತ್ತೇನೆ.

21 ಆಗಸ್ಟ್

ಜಿಲ್ಲಾ ಆಸ್ಪತ್ರೆ. ಇವರಿಗೆ ಮೆಷೀನು ಉಸಿರಾಡಿಸುತ್ತಿದೆ. ಬರೆಯಲು ಆಗುತ್ತಿಲ್ಲ.

23 ಆಗಸ್ಟ್

ಕಣ್ಣು ಬಿಟ್ಟರು. ಯಾರನ್ನೂ ನೋಡಲಿಲ್ಲ, ಫ್ಯಾನ್ ನೋಡಿದರು. ಆದರೂ ಬಿಟ್ಟರು.

24 ಆಗಸ್ಟ್

ನನ್ನ ಬೆರಳು ಹಿಡಿದರು. ನರ್ಸ್ ಚೈತ್ರ, "ಮೇಡಂ, ಅಳೋದಾದ್ರೆ ಹೊರ್ಗೆ ಹೋಗಿ ಅತ್ಬುಟ್ಟು ಬನ್ನಿ, ಅವ್ರು ನೋಡ್ತಾವ್ರೆ" ಅಂದಳು. ಹೊರಗೆ ಹೋಗಿ ಅತ್ತು ಬಂದೆ.

27 ಆಗಸ್ಟ್

ಮೆಷೀನು ತೆಗೆದರು. ಸ್ವಂತ ಉಸಿರು. ಗಂಟಲು ಕಟ್ಟಿದೆ, ಎಡಗೈ ಕೀಲು ತಪ್ಪಿದ್ದನ್ನು ಕೂರಿಸಿ ಪಟ್ಟಿ ಹಾಕಿದ್ದಾರೆ. ಮೊದಲ ಮಾತು: "ಹಸ ಕರುದ್ರಾ?" ಹಸು ಕರೆದು ಆಯಿತೇ ಅಂತ. ನಾನೂ ಕನಕರಾಜೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಆಮೇಲೆ ಅವನು ಗೋಡೆ ಕಡೆ ತಿರುಗಿಕೊಂಡ.

ಈಗ ಬರೆಯಬಲ್ಲೆ.

ವರಮಹಾಲಕ್ಷ್ಮಿಯ ಮಾರನೇ ದಿನ, ಶನಿವಾರ, ಎರಡನೇ ಪೀರಿಯಡ್ಡಿನಲ್ಲಿ ಫೋನು. ಕನಕರಾಜು ಏನು ಹೇಳುತ್ತಿದ್ದಾನೆ ಅಂತಲೇ ಗೊತ್ತಾಗಲಿಲ್ಲ. ಗುಂಡಿ, ಅಣ್ಣ, ಆಂಬುಲೆನ್ಸು — ಇಷ್ಟೇ. ಸಿಕ್ಕ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನೂ ಕೇಳದೆ ನನ್ನ ಕೈ ಹಿಡಿದುಕೊಂಡರು. ಚಾಮರಾಜನಗರದವರೆಗೂ ಬಿಡಲಿಲ್ಲ. ತೆರಕಣಾಂಬಿಯಲ್ಲಿ ಇಳಿಯಬೇಕಾದವರಂತೆ, ಇಳಿಯಲಿಲ್ಲ. ಹೆಸರು ಕೇಳಲು ನನಗೆ ತೋಚಲೇ ಇಲ್ಲ. ಎಲ್ಲಿದ್ದರೂ ಚೆನ್ನಾಗಿರಲಿ ಆ ತಾಯಿ.

ನಡೆದದ್ದನ್ನು ಹೇಳಿದವರು ಪಕ್ಕದ ಮನೆ ಬೋರಯ್ಯ. ಇವರು ಮೇಲಿನಿಂದಲೇ ಗಳ ಆಡಿಸುತ್ತಿದ್ದರು. ಕೆನೆ ಒಡೆಯಿತು, ಗುಳ್ಳೆ ಎದ್ದವು. ಅಷ್ಟರಲ್ಲಿ ಗಳ ಕೈಜಾರಿ ಒಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಿದಿರು ಏಣಿ ಇಳಿಬಿಟ್ಟು ಮೂರು ಮೆಟ್ಟಿಲು ಇಳಿದಿದ್ದಾರೆ, ಅಷ್ಟೇ. "ಕನ್ಕಾ" ಅಂತ ಒಂದು ಕೂಗು. ತಲೆ ವಾಲಿತು. ಎಡಗೈ ಏಣಿಯ ಮೆಟ್ಟಿಲ ಸಂದಿಗೆ ಕಂಕುಳವರೆಗೂ ಸಿಕ್ಕಿಕೊಂಡಿದ್ದರಿಂದ ಬಗ್ಗಡಕ್ಕೆ ಬೀಳಲಿಲ್ಲ.

ಕನಕರಾಜು ಓಡಿ ಬಂದ. ಒಂದು ಕಾಲು ಗುಂಡಿಯೊಳಗೆ ಇಟ್ಟಿದ್ದಾನೆ. ಇನ್ನೊಂದು ಕಾಲನ್ನು ಅತ್ತೆ ಹಿಡಿದುಕೊಂಡರು. ನೆಲಕ್ಕೆ ಬಿದ್ದು, ಎರಡೂ ಕೈಯಲ್ಲಿ.

"ಬುಡವ್ವ! ಅಣ್ಣ ಸಾಯ್ತಾವ್ನೆ, ಬುಡು!"

"ಬುಡಕುಲ್ಲ ಕಲಾ. ಇಳ್ದವ್ನೂ ಬೀಳ್ತನೆ. ಬುಡಕುಲ್ಲ."

ಅವನು ಒದ್ದ. ಹೆತ್ತ ತಾಯಿಯ ಭುಜಕ್ಕೆ ಒದ್ದ. ಅತ್ತೆ ಬಿಡಲಿಲ್ಲ. ಸೇರಿದ ಜನ ಬೈದರಂತೆ — ಇದೆಂಥ ತಾಯಿ, ಒಬ್ಬ ಮಗ ಸಾಯೋದನ್ನ ನೋಡ್ತಾ ಇನ್ನೊಬ್ಬನ್ನ ಹಿಡ್ಕೊಂಡವ್ಳೆ ಅಂತ. ಬೋರಯ್ಯ ಬಾಯಲ್ಲಿ ಬೀಡಿ ಇಟ್ಟುಕೊಂಡೇ ಓಡಿ ಬಂದರಂತೆ. ಬಿದ್ದಲ್ಲಿಂದಲೇ ಅತ್ತೆ ಕೂಗಿದ್ದಾರೆ: "ಬೀಡಿ ಎಸಿ ಬೋರಾ, ದೂರಕ್ಕೆಸಿ!"

"ನಂಗೆ ಆಗ್ಲೇ ಕಣ್ ಬುಟ್ಟಂಗಾಯ್ತು ಟೀಚ್ರವ್ವ" ಅಂದರು ಬೋರಯ್ಯ. "ಇಳಿಯಂಗಿಲ್ಲ ಅಂದ್ಮೇಲೆ ಏಣಿನೇ ಮೇಲಕ್ಕೆ ತಗಬೇಕಲ್ವಾ? ಆಳು ಅದ್ರಲ್ಲೇ ನೇತಾಡ್ತಾವ್ನೆ."

ಬೋರಯ್ಯ, ಅವರ ಮಗ ಮಾದೇವ, ಇನ್ನಿಬ್ಬರು. ಉಸಿರು ಬಿಗಿಹಿಡಿದು ಬಗ್ಗುವುದು, ಎಳೆಯುವುದು, ಮುಖ ಆಚೆ ತಿರುಗಿಸಿ ಉಸಿರು ತಗೊಳ್ಳುವುದು, ಮತ್ತೆ ಎಳೆಯುವುದು. ಏಣಿ ಮೇಲೆ ಬಂತು, ಅದರ ಜೊತೆ ಇವರು. ಕೀಲು ತಪ್ಪಿದ್ದು ಆಗಲೇ. ಹಿತ್ತಲ ಗಾಳಿಗೆ ಒಂದು ಸಣ್ಣ ಉಸಿರು ಆಡಿತಂತೆ. ಆಂಬುಲೆನ್ಸಿನವರು ಆಕ್ಸಿಜನ್ ಇಟ್ಟರು.

ಡಾಕ್ಟರು ನನಗೆ ಹೇಳಿದ್ದು: "ಇನ್ನೊಬ್ರು ಇಳೀಲಿಲ್ವಲ್ಲ ಮೇಡಂ, ಅದೇ ದೊಡ್ಡದು. ಇಂಥ ಕೇಸಲ್ಲಿ ನಮ್ಗೆ ಸಾಮಾನ್ಯವಾಗಿ ಒಬ್ರೇ ಬರಲ್ಲ."

29 ಆಗಸ್ಟ್

ಅತ್ತೆ ಆಸ್ಪತ್ರೆಗೆ ಬಂದರು. ವಾರ್ಡಿನ ಒಳಗೆ ಬರದೆ ಬಾಗಿಲಲ್ಲೇ ನಿಂತರು. ಇವರು ಒಳ್ಳೇ ಕೈ ಎತ್ತಿ ಕರೆದ ಮೇಲೆ ಬಂದು ಮಂಚದ ತುದಿಯಲ್ಲಿ ಕೂತರು. ಸೆರಗು ಸರಿದಾಗ ಭುಜ ಕಂಡಿತು. ಹಸಿರು, ನೇರಳೆ. ಯಾರಿಗೂ ತೋರಿಸಿಲ್ಲ, ಎಣ್ಣೆ ಹಚ್ಚಿಲ್ಲ.

ಕನಕರಾಜು ಅವರನ್ನು ನೋಡಿ ಎದ್ದು ಹೊರಗೆ ಹೋದ. ಆವತ್ತಿನಿಂದ ತಾಯಿ ಮಗನಿಗೆ ಮಾತಿಲ್ಲ. ಕೋಪವಲ್ಲ. ಅವನಿಗೆ ಮುಖ ತೋರಿಸಲು ಆಗುತ್ತಿಲ್ಲ.

7 ಸೆಪ್ಟೆಂಬರ್

ಮನೆಗೆ ಬಂದೆವು. ಗಣೇಶನ ಹಬ್ಬದ ದಿನವೇ. ಕಡುಬು ಮಾಡಲು ಯಾರಿಗೂ ಪುರಸೊತ್ತಿಲ್ಲ ಅಂದುಕೊಂಡು ಬಂದರೆ, ಬೀದಿಯವರೇ ಮಾಡಿ ತಂದಿಟ್ಟಿದ್ದರು. ಗುಂಡಿಯ ಸುತ್ತ ಬೋರಯ್ಯ ಮುಳ್ಳುಬೇಲಿ ಹಾಕಿದ್ದಾರೆ. ಇವರು ನಡುಮನೆಯಲ್ಲಿ ದಿಂಬಿಗೊರಗಿ ಕೂತು ಬಂದವರಿಗೆಲ್ಲ ಪಿಸುದನಿಯಲ್ಲಿ ಒಂದೇ ಕಥೆ ಹೇಳುತ್ತಿದ್ದಾರೆ. "ಏನ್ ಗೊತ್ತಾ, ಮೊದ್ಲು ನಾತ ಒಡೀತು. ಆಮೇಲೆ ನಾತ ಹೊಂಟೋಯ್ತು. ಸರೋಯ್ತು ಅಂತ ಇಳ್ದೆ."

ಪ್ರತಿ ಸಲವೂ ಕೇಳಲಾರದೆ ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಆದರೂ ಹೇಳಲಿ. ಆ ದನಿ ಕೇಳಿಸುತ್ತಿದೆಯಲ್ಲ, ಸಾಕು.

8 ಸೆಪ್ಟೆಂಬರ್, ಬೆಳಿಗ್ಗೆ

ಎದ್ದು ಹಿತ್ತಲಿಗೆ ಹೋದರೆ, ಕನಕರಾಜು ಬಿಸಿ ಹರಳೆಣ್ಣೆ ಬಟ್ಟಲು ಹಿಡಿದು ಅತ್ತೆಯ ಹಿಂದೆ ನಿಂತಿದ್ದಾನೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಿರುಗಿ ನೋಡಲಿಲ್ಲ. ಅವನೇ ಕುಕ್ಕರುಗಾಲಲ್ಲಿ ಕೂತು ಭುಜಕ್ಕೆ ಎಣ್ಣೆ ಹಚ್ಚತೊಡಗಿದ.

"ನೋಯ್ತದಾ ಅವ್ವ?"

"ನೋಯ್ದೆ ಏನು? ಕತ್ತೆ ಒದ್ದಂಗೆ ಒದ್ದಿದ್ದೀಯ."

ಅವನು ತಲೆ ತಗ್ಗಿಸಿದ. ಅತ್ತೆ ಅಕ್ಕಿಯಲ್ಲಿದ್ದ ಕಲ್ಲೊಂದನ್ನು ಆಚೆ ಎಸೆದು ಅಂದರು: "ಇನ್ನತ್ತು ಸಲ ಒದ್ದಿದ್ರೂ ಬುಡ್ತಿರ್ನಿಲ್ಲ ಬುಡು. ಸರ್ಯಾಗಿ ಉಜ್ಜು."

ನಾನು ಸದ್ದು ಮಾಡದೆ ಒಳಗೆ ಬಂದೆ.

17 ಸೆಪ್ಟೆಂಬರ್

ಮತ್ತೆ ಶಾಲೆ. ಮಕ್ಕಳು ಎದ್ದು ನಿಂತರು, ಕೂರಲಿಲ್ಲ. ಅನು ಕೇಳಿದಳು, "ಮಿಸ್, ನಿಮ್ಮನೆ ಸರ್ ಊಟ ಮಾಡ್ತಾವ್ರಾ?" ಮಾಡ್ತಾವ್ರೆ ಅಂದೆ.

ಪಾಠ ಮುಂದುವರಿಸುವ ಮೊದಲು ಎಲ್ಲ ಹೇಳಿದೆ. ಮುಚ್ಚಿಟ್ಟು ಏನು ಮಾಡಲಿ? ಗುಂಡಿ, ಗುಳ್ಳೆ, ಏಣಿ. ನಮ್ಮ ಕೆರೆಯಲ್ಲಿ ನಾವು ಕಲಕಿದ್ದೂ ಇವರು ಕಲಕಿದ್ದೂ ಕೊಳೆತು ಹುಟ್ಟಿದ ಗಾಳಿಯೇ; ಅಲ್ಲಿ ಮೇಲೆ ಆಕಾಶವಿತ್ತು, ಇಲ್ಲಿ ಸುತ್ತ ಗೋಡೆಯಿತ್ತು. ಒಬ್ಬ ಹುಡುಗ, "ಅಂಗಾರೆ ಮೀಥೇನ್ ಕೆಟ್ಟದ್ದಾ ಮಿಸ್?" ಅಂದ. ಅಲ್ಲ ಅಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನನಗೇ ಆಶ್ಚರ್ಯ. ಅದಕ್ಕೆ ಕೆಟ್ಟದ್ದು ಒಳ್ಳೇದು ಗೊತ್ತಿಲ್ಲ. ನಮಗೆ ಗೊತ್ತಿರಬೇಕು.

22 ಸೆಪ್ಟೆಂಬರ್

ಅತ್ತೆಗೆ ಏನಾದರೂ ಹೇಳಬೇಕು. ಹೇಗೆ ಹೇಳುವುದು? ಬೋರಯ್ಯನವರ ಮನೆಗೆ ಹೋಗಿ ಕೈ ಮುಗಿದು ಬಂದೆ. ನರ್ಸಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ. ಒಂದೇ ಮನೆಯಲ್ಲಿ ಇರುವವರಿಗೆ ಹೇಳುವ ಮಾತೇ ಇಲ್ಲ. ಥ್ಯಾಂಕ್ಸ್ ಅಂದರೆ ನಗುತ್ತಾರೆ. ಕಾಲಿಗೆ ಬೀಳೋಣ ಅಂದರೆ ಹಬ್ಬವಲ್ಲ. ಸಾರಿಗೆ ಒಗ್ಗರಣೆ ಹಾಕುವಾಗ ಎರಡು ಸಲ ಬಾಯಿ ತೆರೆದೆ. ಎರಡು ಸಲವೂ "ಉಪ್ಪು ಸಾಕಾ ಅತ್ತೆ?" ಅಂತ ಕೇಳಿದೆ.

13 ಅಕ್ಟೋಬರ್, ಭಾನುವಾರ

ದಸರಾ ರಜೆ. ಎಲ್ಲರೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆವು. ಡಾಕ್ಟರು ಇವರಿಗೆ ಇನ್ನು ಓಡಾಡಬಹುದು ಅಂದಿದ್ದರು. ಕನಕರಾಜು ಟೆಂಪೋವನ್ನು ಕೆಳಗೆ ನಿಲ್ಲಿಸಿದ, ಅಲ್ಲಿಂದ ಸರ್ಕಾರಿ ಬಸ್ಸು. ತುದಿಯಲ್ಲಿ ಇಳಿದರೆ ಎದುರಿಗಿದ್ದವರೇ ಕಾಣದಷ್ಟು ಮಂಜು. ಇವರು ಮೆಟ್ಟಿಲು ಹತ್ತಿದರು — ನಿಂತು, ಉಸಿರೆಳೆದು, ಮತ್ತೆ ಹತ್ತಿ. ಮೇಲೆ ನಿಂತು ಎದೆ ತುಂಬ ಗಾಳಿ ತಗೊಂಡರು. ಎಷ್ಟು ಹೊತ್ತು ಅಂದರೆ ಕನಕರಾಜು, "ಸಾಕು ಬಾರಣ್ಣ, ಬೇರೇರ್ಗೂ ಬುಡು" ಅಂದ.

ದರ್ಶನವಾಯಿತು. ಅಣ್ಣ ತಮ್ಮ ಆನೆ ಕಾಣುತ್ತದೇನೋ ಅಂತ ಆಚೆ ಬದಿಗೆ ಹೋದರು. ನಾನೂ ಅತ್ತೆಯೂ ಗುಡಿಯ ಹೊರಗಿನ ಕಲ್ಲಿನ ಮೇಲೆ ಕೂತೆವು. ಚಳಿ. ಅವರ ಸೆರಗನ್ನೇ ಇಬ್ಬರಿಗೂ ಹೊದಿಸಿದರು. ಆಗ ಹೇಳಿದೆ. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ನೀವು ಆವತ್ತು ಹಿಡಿದುಕೊಳ್ಳದಿದ್ದರೆ ನನ್ನ ಮನೆ ಉಳಿಯುತ್ತಿರಲಿಲ್ಲ ಅತ್ತೆ, ನಿಮ್ಮ ಉಪಕಾರ ದೊಡ್ಡದು — ಹೀಗೇನೋ.

ಅತ್ತೆ ಜಾರಿದ ಸೆರಗನ್ನು ಮತ್ತೆ ನನ್ನ ಮೇಲೆ ಎಳೆದರು. ಆಮೇಲೆ ಅಂದರು:

"ನಂಗೆ ಉಪಕಾರ ಏಳ್ಬ್ಯಾಡ ಕಣಮ್ಮಿ. ದೊಡ್ಡೋನು ರಂಗ ಬದುಕ್ತನೆ ಅಂತ ನಾನು ಕನ್ಕನ್ನ ಇಡ್ಕಂಡಿದ್ದಲ್ಲ. ರಂಗ ಓದ ಅಂದ್ಕಂಡೆ. ಒಬ್ಬ ಓದ, ಇನ್ನೊಬ್ಬನ್ನಾರ ಉಳಿಸ್ಕಳನಾ ಅಂತ ಇಡ್ಕಂಡೆ. ನಿನ್ ಗಂಡನ್ನ ನಾನು ಅವತ್ತು ಮನ್ಸಲ್ಲೇ ಮಣ್ ಮಾಡ್ಬುಟ್ಟಿದ್ದೆ."

ಮಂಜಿನೊಳಗಿಂದ ಇವರ ನಗು ಕೇಳಿಸುತ್ತಿತ್ತು. ಒಡೆದ ದನಿ, ಇನ್ನೂ ಸರಿಹೋಗಿಲ್ಲ.

"ಅವ್ನು ಆಸ್ಪತ್ರೇಲಿ ಕೈ ಎತ್ತಿ ಕರ್ದಾಗ," ಅತ್ತೆ ಅಂದರು, "ಒಳೀಕೆ ಬರಕ್ಕೆ ಕಾಲೇ ಬರ್ನಿಲ್ಲ. ಯಾವ್ ಮಖ ಒತ್ಕ ಬರ್ಲಿ?"

ಅವರ ಕೈ ಹಿಡಿದುಕೊಂಡೆ. ಒರಟು ಕೈ, ತಣ್ಣಗಿತ್ತು. ಅವರು ಬಿಡಿಸಿಕೊಳ್ಳಲಿಲ್ಲ. ಅಣ್ಣ ತಮ್ಮ ಮಂಜಿನಿಂದ ಹೊರಗೆ ಬಂದಾಗ, "ಆನೆ ಕಾಣ್ನಿಲ್ಲ ಕಣವ್ವ" ಅಂದರು ಇವರು, ಚಿಕ್ಕ ಹುಡುಗನ ಹಾಗೆ. ಅತ್ತೆ ಕಣ್ಣೊರೆಸಿಕೊಂಡು, "ಕಾಣ್ದಿದ್ರೆ ಕಾಣ್ದೋಗ್ಲಿ, ಬಾ, ಸ್ವೆಟ್ರು ಆಕ್ಕ" ಅಂದರು.

14 ಅಕ್ಟೋಬರ್, ಬೆಳಿಗ್ಗೆ

ರಜೆ ಇನ್ನೂ ಇದೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕೂತಿದ್ದೇನೆ.

ನಿನ್ನೆಯ ಮಾತು ಬಿಡುತ್ತಿಲ್ಲ. ಬದುಕುತ್ತಾನೆ ಅನ್ನುವ ಆಸೆಯಿದ್ದು ಹಿಡಿದಿದ್ದರೆ ಅದು ಸುಲಭವಿತ್ತೇನೋ. ಆಸೆಯೇ ಇಲ್ಲದೆ, ಒದೆ ತಿಂದು, ಬೈಗುಳ ತಿಂದು ಹಿಡಿದರು. ನಾನು ಪುಸ್ತಕ ನೋಡಿ ಹೇಳಿದ ಒಂದು ಮಾತನ್ನು ನಂಬಿ. ಅದನ್ನು ಅವರು ತಮ್ಮ ತಪ್ಪು ಅಂತ ಹೊತ್ತು ತಿರುಗುತ್ತಿದ್ದಾರೆ.

ಉಪಕಾರ ಹೇಳಬೇಡ ಅಂದರು. ಸರಿ, ಅವರಿಗೆ ಹೇಳುವುದಿಲ್ಲ. ಇಲ್ಲಿ ಬರೆಯುತ್ತೇನೆ, ಯಾರೂ ಓದುವುದಿಲ್ಲವಲ್ಲ.

ಅತ್ತೆ, ನೀವು ಆವತ್ತು ಹಿಡಿದದ್ದು ಒಬ್ಬನ ಕಾಲು; ಉಳಿದದ್ದು ಇಬ್ಬರೂ.